ಸರಿಪಡಿಸಲಾಗಿದೆ

ಕೊಡೆ ಹಿಡಿದ ಹುಡುಗ ಜಿಗಿಯುವ ಆಟ.
ಹೆಸರು ಜಪಾನಿಯಲ್ಲೋ ಚೀನಿಯಲ್ಲೋ ಇತ್ತು,
ನಮ್ಮ ಓಣಿಗೆ ಅದು ಬರೀ ಕೊಡೆ.
ಗಂಟೆಗೆ ಐದು ರೂಪಾಯಿ, ಅರ್ಧಕ್ಕೆ ಮೂರು.
ಅಣ್ಣ ಕೊಟ್ರೇಶನ ಅಂಗಡಿ, ಚೌಕಿಪೇಟೆಯ ಹಿಂದಿನ ಸಂದಿ,
ಬೆಳಿಗ್ಗೆ ಸೈಕಲ್ ಪಂಕ್ಚರ್, ಮಧ್ಯಾಹ್ನದ ಮೇಲೆ ಟಿ.ವಿ.
ಲೆಕ್ಕದ ಪುಸ್ತಕ ನನ್ನದು:
ಯಾರು ಎಷ್ಟು ಹೊತ್ತು, ಯಾರ ಬಾಕಿ ಎಷ್ಟು.
ಆಡುವ ಕೈ ನನ್ನದಲ್ಲ.

ಆ ಆಟ ಸರಿ ಇರಲಿಲ್ಲ, ಹೇಳಿಬಿಡುತ್ತೇನೆ.
ಈಗ ಎಲ್ಲರೂ ಅದನ್ನು ಬಂಗಾರ ಅನ್ನುತ್ತಾರೆ.
ಗುಂಡಿ ಒತ್ತಿದ ಮೇಲೆ ಅರೆಗಳಿಗೆ ಯೋಚಿಸಿ ಜಿಗಿಯುತ್ತಿದ್ದ,
ಸಾಲ ಕೇಳಿದಾಗ ಮಾವ ಎದ್ದ ಹಾಗೆ.
ಮೂರು ಕಪ್ಪೆ ಒಟ್ಟಿಗೆ ಬಂದರೆ ಒಂದು ಮಾಯ,
ಮಾಯವಾದದ್ದೇ ಕಚ್ಚುತ್ತಿತ್ತು.
ಎರಡನೇ ಹಂತದ ಹಲಗೆಗೆ ಅಂಚೇ ಸುಳ್ಳು,
ಕಣ್ಣಿಗೆ ಹಲಗೆ, ಕಾಲಿಗೆ ಗಾಳಿ.
ಆಟ ನಿಲ್ಲಿಸಿ ನೀರು ಕುಡಿದು ಬಂದರೂ
ಗಡಿಯಾರ ಓಡುತ್ತಲೇ ಇರುತ್ತಿತ್ತು.
ಅದೊಂದು ಅಣ್ಣನಿಗೆ ತುಂಬ ಇಷ್ಟ.

ಮಂಡಕ್ಕಿ ಭಟ್ಟಿಯಿಂದ ದಾದಾಪೀರ ಬರುತ್ತಿದ್ದ,
ಉಗುರಲ್ಲಿ ಮಸಿ, ರೆಪ್ಪೆಯ ಮೇಲೆ ಹೊಟ್ಟಿನ ಬೂದಿ,
ಅಂಗಿ ಕೊಡವಿದರೆ ಮರಳು.
ಅವನಷ್ಟು ಚಂದ ಯಾರೂ ಸಾಯುತ್ತಿರಲಿಲ್ಲ.
ನಾಲ್ಕನೇ ಹಂತ, ನೀಲಿ ಇಟ್ಟಿಗೆಯ ಗೋಡೆ,
ಪ್ರತಿ ಸಂಜೆ ಅಲ್ಲಿಯವರೆಗೆ ಬಂದು ಸಾಯುತ್ತಿದ್ದ.
ಆಮೇಲೆ ಮಿರ್ಚಿ ಕಚ್ಚಿ
ನಾಳೆ ಬರ್ತೀನಿ ಅನ್ನುತ್ತಿದ್ದ, ಗೋಡೆಗೆ.

ಒಂದು ದಿನ ಕರೆಂಟು ಹೋಯಿತು, ಎಲ್ಲರೂ ಎದ್ದು ಹೋದರು,
ಅಣ್ಣ ಟ್ಯೂಬು ತರಲು ಮಂಡಿಪೇಟೆಗೆ.
ಕರೆಂಟು ಬಂತು. ನಾನೊಬ್ಬಳೇ.
ಎರಡು ವರ್ಷ ನೋಡಿದ್ದೇ ನನ್ನ ಕಲಿಕೆ.
ಗೋಡೆಯ ಹತ್ತಿರ ಜಿಗಿದು, ಮೇಲೇರುವಾಗಲೇ ಕೊಡೆ ಮುಚ್ಚಿ
ಹಿಂದಕ್ಕೆ ಒತ್ತಿದೆ. ಗಾಬರಿಗೆ. ತಪ್ಪಾಗಿ.
ಹುಡುಗ ಗೋಡೆಯೊಳಗೆ ಹೋದ.

ಕಪ್ಪು. ಆರು ಹೂಜಿ. ಎಲ್ಲಿಗೂ ಹೋಗದ ಒಂದು ಮೆಟ್ಟಿಲು.
ತಲೆಕೆಳಗಾದ ಆಕಾಶದ ತುಂಡು.
ಸಂಗೀತವಿಲ್ಲ, ಕಪ್ಪೆಯಿಲ್ಲ.
ಮಾಡಿದವರು ಗುಡಿಸಿ ಬಿಟ್ಟ ಮೂಲೆ ಇರಬೇಕು.
ಗಡಿಯಾರ ಕೂಡ ನಿಂತಿತ್ತು.
ಮತ್ತೆ ಕರೆಂಟು ಹೋಯಿತು.

ಹೇಳಿದೆ. ದಾದಾಪೀರ ಮೂರು ಸಂಜೆ ನೋಡಿದ,
ಹದಿನೈದು ರೂಪಾಯಿ, ಪುಸ್ತಕದಲ್ಲಿ ನನ್ನದೇ ಅಕ್ಷರ.
ಗೋಡೆ ಗೋಡೆಯಾಗಿಯೇ ಇತ್ತು.
ಸುಳ್ಳುಬುರುಕಿ ಅಂದ, ಸಿಟ್ಟಿಲ್ಲದೆ.
ಅಣ್ಣ ನಕ್ಕ. ನೀಲಮ್ಮ ಹೋಗಿ
ಓಣಿಗೆಲ್ಲ ಗೋಡೆನೀಲಿಯಾದೆ.
ಆ ಜಿಗಿತ ಮತ್ತೆ ನನಗೂ ಸಿಗಲಿಲ್ಲ.
ಕೆಲವು ರಾತ್ರಿ ನಾನೂ ನನ್ನನ್ನು ನಂಬಲಿಲ್ಲ.

ಆಮೇಲೆ ಅದು ಮತ್ತೆ ಮತ್ತೆ ಹುಟ್ಟಿತು.
ಒಮ್ಮೆ ಅಂಗೈಯಗಲದ ಪರದೆಗೆ, ಬದಿ ಕತ್ತರಿಸಿಕೊಂಡು:
ಕಪ್ಪೆ ಕಾಣುವ ಮೊದಲೇ ಕಪ್ಪೆ ಕಚ್ಚಿರುತ್ತಿತ್ತು.
ಒಮ್ಮೆ ಮೊಬೈಲಿಗೆ, ಗಾಜಿನ ಮೇಲೆ ಗುಂಡಿಯ ಚಿತ್ರ,
ಒತ್ತಿದೆವೋ ಇಲ್ಲವೋ ಬೆರಳಿಗೇ ಗೊತ್ತಿಲ್ಲ.
ಈಗ ಮೂವತ್ತು ವರ್ಷದ ಹಬ್ಬದ ಆವೃತ್ತಿ,
ಹುಡುಗನ ಕೆನ್ನೆಗೆ ನುಣುಪು, ಕೊಡೆಗೆ ನೆರಿಗೆ.
ಸತ್ತರೆ ಹಿಂದಕ್ಕೆ ಎಳೆದುಕೊಳ್ಳಬಹುದು, ಜಾರಿದ ಸೆರಗಿನ ಹಾಗೆ.
ಬಾಕಿಯಿಲ್ಲದ ಸಾವು. ನನಗೇಕೋ ರುಚಿಸಲಿಲ್ಲ.

ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ ಈಗ.
ಮಗಳ ಫೋನಿನಲ್ಲಿ ಆಟ ಬಿಟ್ಟು
ಅದರ ಜೊತೆ ಬಂದ ಪಟ್ಟಿ ಹಿಡಿದು ಕೂತೆ,
ಏನೇನು ರಿಪೇರಿ ಮಾಡಿದ್ದಾರೆ ಅಂತ. ಲೆಕ್ಕದವಳ ಚಾಳಿ.
ಹದಿನೇಳನೇ ಸಾಲು, ಮಗಳು ಬಿಡಿಸಿ ಹೇಳಿದಳು:
ನಾಲ್ಕನೇ ಹಂತ, ನೀಲಿ ಗೋಡೆಯೊಳಗೆ ನುಸುಳುವ ದೋಷ
ಸರಿಪಡಿಸಲಾಗಿದೆ.

ಅಂದರೆ ಇತ್ತು.
ಮುಚ್ಚಿದವರೇ ಸಾಕ್ಷಿ ಹೇಳಿದ್ದಾರೆ.

ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದುಕೊಂಡು ಭಟ್ಟಿಗೆ ಹೋದೆ.
ದಾದಾಪೀರ ಜರಡಿ ಹಿಡಿದಿದ್ದ,
ಗಡ್ಡ ಅರ್ಧ ಬಿಳಿ, ವಯಸ್ಸೋ ಬೂದಿಯೋ.
ಚೀಟಿಯನ್ನು ದೂರ ಹಿಡಿದು ಎರಡು ಸಲ ಓದಿದ.
"ಇದೂ ನಿನ್ನ ಅಕ್ಷರಾನೇ ಅಲ್ಲೇನು" ಅಂದ.
ಫೋನಿಗೆ ಚೀಲದಲ್ಲಿ ತಡಕಾಡಿದೆ.
ಬೇಡ ಅಂತ ಕೈ ಆಡಿಸಿ, ಜರಡಿ ಅಲ್ಲಾಡಿಸಿದ.
ಮರಳು ಇಳಿಯಿತು, ಮಂಡಕ್ಕಿ ಉಳಿಯಿತು.
ಆಮೇಲೆ, ಇಷ್ಟು ವರ್ಷ ಯಾರೂ ಕೇಳದ್ದು:
"ಒಳಗೆ ಏನಿತ್ತು?"

ಆರು ಹೂಜಿ, ಅಂದೆ.